ಎಂಟು ಮೊಳದ ಗಳ

ನಾನು ತಾತನಾದೆ! ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಮುಳಬಾಗಿಲಿನ ಆಸ್ಪತ್ರೆಯಿಂದ ಇವತ್ತು ಬೆಳಿಗ್ಗೆ ಮನೆಗೆ ಬಂದರು. ಮೂಗು ನಮ್ಮ ಮನೆಯವಳದು, ಹಠ ನನ್ನದು, ಆ ದನಿ ಮಾತ್ರ ಯಾರದು ಎಂದು ಇನ್ನೂ ತೀರ್ಮಾನವಾಗಿಲ್ಲ. ಎದುರಿಗೆ ಸಿಕ್ಕವರಿಗೆಲ್ಲ ಹೇಳಿಯಾಯಿತು. ಹಾಲಿನ ಡೈರಿಯಲ್ಲಿ ಎರಡು ಸಲ ಹೇಳಿದೆ. ಎಮ್ಮೆಯ ಕಿವಿಯಲ್ಲೂ ಹೇಳಿ ಬಂದೆ. ಒಬ್ಬರಿಗೆ ಹೇಳುವುದು ಮಾತ್ರ ಬಾಕಿ ಉಳಿದಿದೆ. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಅದಕ್ಕೇ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು, ಪೆನ್ನು ಹಿಡಿದು ಕೂತಿದ್ದೇನೆ.

ಅವರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಕತ್ತಿನ ಹಿಂಭಾಗ. ನೊಗ ಹೊತ್ತ ಎತ್ತಿನ ಹೆಗಲಿನ ಹಾಗೆ ಅಲ್ಲೊಂದು ದಡ್ಡು ಕಟ್ಟಿತ್ತು. ಕಪ್ಪಗೆ, ನುಣ್ಣಗೆ, ಬೆವರಿದಾಗ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಎಂಟು ಮೊಳದ ಬಿದಿರಿನ ಗಳವೊಂದನ್ನು ಕತ್ತಿನ ಹಿಂದೆ ಅಡ್ಡಲಾಗಿ ಇಟ್ಟುಕೊಂಡು, ಎರಡೂ ಕೈಯನ್ನು ಅದರ ಮೇಲೆ ಚಾಚಿ ನಡೆದು ನಡೆದು ಆದ ದಡ್ಡು ಅದು. ದೂರದಿಂದ ನೋಡಿದರೆ ಬೆದರುಗೊಂಬೆಗೆ ಕಾಲು ಬಂದು ನಡೆಯುತ್ತಿದೆ ಅನ್ನಿಸುತ್ತಿತ್ತು.

ಅವರು ನಮ್ಮೂರ ನೀರುಗಂಟಿ. ಕೆರೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವ ಕೆಲಸ. ಹೆಸರಿಟ್ಟು ಕರೆದವರು ಕಡಿಮೆ. ದೊಡ್ಡವರಿಗೆ ನೀರುಗಂಟಿ, ಮಕ್ಕಳಿಗೆ ನೀರುಗಂಟಿ ತಾತ. ಊರೆಲ್ಲ ಅವರನ್ನು ಕರೆಯುತ್ತಿದ್ದದ್ದು ಏಕವಚನದಲ್ಲಿ. ನಾನೂ ಹಾಗೇ ಕರೆದವನು. ಈಗ ಬರೆಯುವಾಗ 'ಅವರು' ಎಂದು ಬರೆಯುತ್ತಿದ್ದೇನೆ. ತಡವಾಯಿತು, ಇರಲಿ.

ತೂಬು ಬಿಡುವ ಮುಂಚೆ ನೀರುಗಂಟಿ ಕಾಲುವೆಯುದ್ದಕ್ಕೂ ಗಳವನ್ನು ಅಡ್ಡ ಹಿಡಿದು ನಡೆಯುವುದು ನಮ್ಮ ಕಡೆ ಮೊದಲಿನಿಂದ ಬಂದ ಪದ್ಧತಿ. ಗಳ ಎಲ್ಲಿ ತಗಲುತ್ತದೋ ಅಲ್ಲಿ ಯಾರೋ ಬದು ಒತ್ತಿದ್ದಾರೆ ಎಂದು ಅರ್ಥ. ನಾನು ಮದುವೆಯಾಗುವ ಹೊತ್ತಿಗೆ ಕೆರೆ ಒಣಗಿ ಜಾಲಿ ಬೆಳೆದಿತ್ತು. ತೂಬಿಗೆ ಕೆಲಸವಿಲ್ಲ, ಗಳಕ್ಕೂ ಇಲ್ಲ. ಆದರೂ ಯುಗಾದಿ ಮುಗಿದ ಮಾರನೇ ದಿನ ಅವರು ಗಳ ಹೊತ್ತು ಹೊರಡುವುದನ್ನು ಬಿಡಲಿಲ್ಲ. ಕಾಲುವೆಯ ಬದಲು ಊರ ಬೀದಿಗಳಲ್ಲಿ ನಡೆದರು.

"ನೀರಿಲ್ಲದ ಊರಲ್ಲಿ ಏನು ಅಳೀತೀಯೋ?" ಎಂದು ಕಟ್ಟೆಯ ಮೇಲೆ ಕೂತವರು ರೇಗಿಸುತ್ತಿದ್ದರು.

"ಜನ ಹರೀತಾರಲ್ಲ," ಅನ್ನುತ್ತಿದ್ದರು ನಿಲ್ಲದೆ.

ಗಳ ಎರಡೂ ಕಡೆ ಗೋಡೆ ಮುಟ್ಟದೆ ದಾಟಿದರೆ ಮುಂದಕ್ಕೆ. ಎಲ್ಲಾದರೂ ತಗಲಿತೋ, ಜಗಳವಿಲ್ಲ, ಬೈಗುಳವಿಲ್ಲ. ಗಳ ಇಳಿಸಿ, ಒತ್ತಿದ ಮನೆಯ ಮುಂದೆ ಕೂತು, "ಅಮ್ಮಯ್ಯ, ಒಂದಿಷ್ಟು ನೀರು ಕೊಡಮ್ಮ" ಎನ್ನುವರು. ಕುಡಿದು, ಬಾಯಿ ಒರೆಸಿಕೊಂಡು, "ಗಳ ನಿಂತೋಯ್ತು" ಎಂದಷ್ಟೇ ಹೇಳಿ ಹೊರಟುಬಿಡುವರು. ನಾಳೆ ಅದೇ ಹೊತ್ತಿಗೆ ಮತ್ತೆ ನೀರು. ನಾಡಿದ್ದು ಮತ್ತೆ. ಊರಿಗೆಲ್ಲ ಗೊತ್ತಾಗುತ್ತಿತ್ತು, ಯಾರ ಮನೆ ಮುಂದೆ ನೀರುಗಂಟಿ ನೀರು ಕುಡಿಯುತ್ತಿದ್ದಾನೆ ಎಂದು. ನಾಚಿಕೆಗೆ ಎಷ್ಟೋ ಜನ ಕಲ್ಲು ಹಿಂದಕ್ಕೆ ಹಾಕಿದರು. ಹಾಕದವರೂ ಇದ್ದರು. ಅಂಥವರ ಮನೆ ಮುಂದೆ ನೀರುಗಂಟಿ ವರ್ಷಗಟ್ಟಲೆ ನೀರು ಕುಡಿದರು.

ನಮ್ಮೂರು ನಂಗಲಿ ದಾರಿಯಲ್ಲಿ, ಹೆದ್ದಾರಿಯಿಂದ ಒಂದು ಕೂಗಳತೆ ಒಳಗೆ. ಹೆದ್ದಾರಿ ಅಗಲವಾದದ್ದೇ ತಡ, ಊರಿಗೆ ಬೆಳೆಯುವ ಆತುರ ಹಿಡಿಯಿತು. ಮೊದಲು ಪಂಕ್ಚರ್ ಅಂಗಡಿ, ಆಮೇಲೆ ಡಾಬಾ, ಆಮೇಲೆ ಗೋಡೌನು. ಲಾರಿ ಕೆಲಸದವರು ಬಾಡಿಗೆ ಮನೆ ಕೇಳತೊಡಗಿದರು. ದನದ ಕೊಟ್ಟಿಗೆಗಳು ರೂಮುಗಳಾದವು, ತಿಪ್ಪೆಗುಂಡಿಗಳು ಮುಚ್ಚಿದವು. ಅದೇ ಸಮಯಕ್ಕೆ ವಾಸ್ತು ಹೇಳುವವನೊಬ್ಬ ಶ್ರೀನಿವಾಸಪುರದ ಕಡೆಯಿಂದ ಬಂದು ಊರಿಗೆಲ್ಲ ಒಂದೇ ಮಾತು ಹೇಳಿ ಹೋದ: ಈಶಾನ್ಯ ಬೆಳೆಸಿ, ಮನೆ ಬೆಳೆಯುತ್ತದೆ. ಸರಿ, ಎಲ್ಲರೂ ಬೆಳೆಸಿದರು. ಒಬ್ಬ ಒಂದು ಗೇಣು, ಮತ್ತೊಬ್ಬ ಒಂದು ಮೊಳ. ಪ್ರತಿ ಮನೆಯ ಈಶಾನ್ಯವೂ ಮೂಗಿನ ಹಾಗೆ ಬೀದಿಗೆ ಚಾಚಿಕೊಂಡಿತು. ಹುಲ್ಲಿನ ಬಂಡಿ ಒಳಗೆ ಬರುವುದು ನಿಂತಿತು. ಯಾರಿಗೂ ತಾನು ಬೀದಿ ತಿಂದೆ ಅನ್ನಿಸಲಿಲ್ಲ. ದೇವಮೂಲೆಗೆ ಮರ್ಯಾದೆ ಮಾಡಿದೆ ಅನ್ನಿಸಿತು.

ನನ್ನ ಮನೆ ಇರುವುದು ಬೀದಿ ತಿರುಗುವ ಜಾಗದಲ್ಲಿ. ನನ್ನ ಈಶಾನ್ಯ ಸರಿಯಾಗಿ ಆ ತಿರುವಿಗೇ ಬರುತ್ತದೆ. ಮಗಳಿಗೆ ಆಗ ನಾಲ್ಕು ವರ್ಷ. ಒಂದು ರೂಮು ಬೇಕೇ ಬೇಕಾಗಿತ್ತು. ಮೂರು ಮೊಳ ಮುಂದಕ್ಕೆ ದಾರ ಕಟ್ಟಿಸಿ, ಗುದ್ದಲಿ ಪೂಜೆ ಇಟ್ಟುಕೊಂಡೆ. ಕರ್ಪೂರ ಇನ್ನೂ ಉರಿಯುತ್ತಿತ್ತು, ಗಳ ಬಂತು. ದಾರಕ್ಕೆ ತಗಲಿ ಟಣ್ ಎಂದು ದಾರ ಮಿಡಿಯಿತು.

"ಏನ್ಲಾ ಅಬ್ಬಯ್ಯ, ಈಶಾನ್ಯ ಬೆಳೆಸ್ತಿದ್ದೀಯಾ?"

"ಹೂಂ. ನಿನಗೇನು?"

"ಬೆಳೆಸಪ್ಪ. ನಿನ್ನ ಈಶಾನ್ಯ ಬೆಳೆದ್ರೆ ಎದುರು ಮನೆಯೋನ ನೈರುತ್ಯ ಎಲ್ಲಿಗೆ ಹೋಗ್ಬೇಕು? ಕೋಲಾರಕ್ಕಾ?"

ಮೇಸ್ತ್ರಿ ನಕ್ಕ. ನನಗೆ ಮೈ ಉರಿಯಿತು. "ನೂರು ಬಂಡಿ ತಿರುಗಲ್ಲ ಇಲ್ಲಿ. ಜನ ಓಡಾಡೋಕೆ ಬೇಕಾದಷ್ಟು ಜಾಗ ಐತೆ," ಅಂದೆ.

"ಬದುಕಿರೋರು ಓರೆಯಾಗಿ ನುಸುಳ್ಕೋತಾರೆ ಅಬ್ಬಯ್ಯ. ಹೆಣ ಓರೆ ಆಗಲ್ಲ."

ಪೂಜೆಯ ದಿನ, ಕರ್ಪೂರದ ಮುಂದೆ, ಹೆಣ ಅನ್ನುವ ಮಾತು! ನಾನು ಬೈದದ್ದನ್ನು ಇಲ್ಲಿ ಬರೆಯಲಾರೆ. ಅವರು ಎಲ್ಲ ಕೇಳಿಸಿಕೊಂಡು, ಪಾಯದ ಮಣ್ಣಗುಡ್ಡೆಯ ಮೇಲೆ ಕೂತು, "ಅಮ್ಮಯ್ಯ, ನೀರು" ಅಂದರು. ನಮ್ಮ ಮನೆಯವಳು ತಂದುಕೊಟ್ಟಳು. ಅವರಿಗೆಂದು ಬೇರೆ ಲೋಟ ಇತ್ತು, ಸೂರಿನ ಸಂದಿಯಲ್ಲಿ ಸಿಕ್ಕಿಸಿರುತ್ತಿದ್ದೆವು. ಕುಡಿದರು, ತೊಳೆದರು, ಅಲ್ಲೇ ಸಿಕ್ಕಿಸಿದರು, ಹೋದರು.

ಎಂಟು ದಿನ ಹಾಗೇ ನಡೆಯಿತು. ನಾನು ಪಾಯ ತೋಡಿಸುತ್ತಲೇ ಇದ್ದೆ, ಅವರು ನೀರು ಕುಡಿಯುತ್ತಲೇ ಇದ್ದರು. ಬೀದಿಯ ಹೆಂಗಸರು ನಮ್ಮ ಮನೆಯವಳನ್ನು ಕೇಳುತ್ತಿದ್ದರಂತೆ, "ನಿಮ್ಮನೆ ನೀರು ಅಷ್ಟು ರುಚೀನೇನಮ್ಮ?" ಎಂದು. ಒಂಬತ್ತನೇ ದಿನ ಅವರು ನೀರು ಕೇಳಲಿಲ್ಲ. ಗೋಡೆಗೆ ಒರಗಿಸಿದ್ದ ಮೇಸ್ತ್ರಿಯ ಏಣಿಯನ್ನು ತೋರಿಸಿದರು.

"ಅಬ್ಬಯ್ಯ, ಒಂದು ಕೆಲಸ ಮಾಡು. ಆ ಏಣಿ ಮಲಗಿಸು. ಅದರ ಮೇಲೆ ನಾನು ಮಲಗ್ತೀನಿ. ನಾಲ್ಕು ಜನ ಎತ್ಕೊಂಡು ಈ ಮೂಲೆ ತಿರುಗಿಸಿ. ತಿರುಗಿದ್ರೆ ಗೋಡೆ ಎತ್ತು. ನಾನು ಈ ಬೀದೀಗೇ ಬರಲ್ಲ."

"ಮಾತು ಮಾತೇ?"

"ಕೆರೆ ತೂಬಿನಾಣೆ."

ನನಗೂ ಹಠ. ಮೇಸ್ತ್ರಿ, ಇಬ್ಬರು ಕೆಲಸದವರು, ನಾಲ್ಕನೆಯವನು ನಾನು. ಅವರು ಏಣಿಯ ಮೇಲೆ ನೀಟಾಗಿ ಮಲಗಿ, ಟವೆಲನ್ನು ಗಲ್ಲಕ್ಕೆ ಸುತ್ತಿ, ಎರಡೂ ಹೆಬ್ಬೆರಳನ್ನು ಜೋಡಿಸಿ, ಕಣ್ಣು ಮುಚ್ಚಿದರು. ಎತ್ತಿದೆವು. ಬೀದಿಯೆಲ್ಲ ಸೇರಿತು. ನಾಲ್ಕು ಹೆಜ್ಜೆ ಚೆನ್ನಾಗಿ ಹೋಯಿತು. ತಿರುವಿನಲ್ಲಿ ಏಣಿಯ ಮುಂದಿನ ತುದಿ ಎದುರು ಗೋಡೆಗೆ ತಗಲಿತು, ಹಿಂದಿನ ತುದಿ ನನ್ನ ದಾರಕ್ಕೆ. ಹಿಂದಕ್ಕೆ ಬಂದೆವು, ಮುಂದಕ್ಕೆ ಹೋದೆವು. "ಸ್ವಲ್ಪ ಓರೆ ಮಾಡ್ರೋ," ಎಂದ ಮೇಸ್ತ್ರಿ. ಓರೆ ಮಾಡಿದೆವು. ನೀರುಗಂಟಿ ಮೆಲ್ಲಗೆ ಜಾರಿ, ತೋಡಿದ ಪಾಯದೊಳಕ್ಕೆ ಹೋಗಿ ಬಿದ್ದರು.

ಬಾಗಿಲಲ್ಲಿ ನಿಂತಿದ್ದ ನನ್ನ ಮಗಳು ಕಿಟಾರನೆ ಕಿರುಚಿದಳು. "ತಾತ ಸತ್ತೋದ್ರು! ಅಪ್ಪ ತಾತನ್ನ ಸಾಯಿಸ್ಬಿಟ್ಟ!"

ಪಾಯದೊಳಗಿಂದ ಒಂದು ಕಣ್ಣು ತೆರೆಯಿತು. ನಾಲಿಗೆ ಹೊರಬಂತು. ಮಗು ಅಳುತ್ತಲೇ ನಗತೊಡಗಿತು. ಅವರು ಮಣ್ಣು ಕೊಡವಿಕೊಂಡು ಎದ್ದು ನನ್ನನ್ನು ನೋಡಿ ಮೆಲ್ಲಗೆ ಅಂದರು, "ನನ್ನ ಹೆಣ ಬೀಳ್ಲಿ ಅಬ್ಬಯ್ಯ, ಪರವಾಗಿಲ್ಲ. ನಿಮ್ಮಪ್ಪಂದು ಬೀಳಬಾರದು."

ನಮ್ಮಪ್ಪ ಒಳಗೆ ಹಾಸಿಗೆ ಹಿಡಿದಿದ್ದ ಕಾಲ ಅದು.

ನಾನೇ ಹೋಗಿ ದಾರದ ಗೂಟ ಕಿತ್ತೆ. ಮೂರು ಮೊಳ ಹಿಂದಕ್ಕೆ ಹೊಡೆದೆ. ಅಷ್ಟಕ್ಕೆ ಅವರು ಬಿಡಲಿಲ್ಲ. "ಮೂಲೆ ಚೂಪು ಬೇಡ, ಎಮ್ಮೆ ಹೊಟ್ಟೆ ಹಂಗೆ ದುಂಡಗೆ ತಿರುಗಿಸು," ಎಂದು ನಿಂತು ಹೇಳಿ, ಈಶಾನ್ಯದ ಮೂಲೆಯನ್ನೇ ಸವರಿಸಿಬಿಟ್ಟರು. ವಾಸ್ತುವಿನವನು ಕೇಳಿದ್ದರೆ ಎದೆ ಒಡೆದುಕೊಳ್ಳುತ್ತಿದ್ದ. ನಮ್ಮ ಮನೆಯವಳು ಆ ದಿನ ನೀರು ತಂದದ್ದು ಸೂರಿನ ಲೋಟದಲ್ಲಲ್ಲ, ಒಳಗಿನ ಹಿತ್ತಾಳೆ ಚೊಂಬಿನಲ್ಲಿ. ಅವರು ಚೊಂಬನ್ನು ಒಂದು ಗಳಿಗೆ ಹಾಗೇ ಹಿಡಿದುಕೊಂಡಿದ್ದರು. ಸೂರಿನ ಲೋಟ ಎಲ್ಲಿ ಹೋಯಿತೋ ಆಮೇಲೆ ಕಾಣಲಿಲ್ಲ.

ನಾನು ಹಿಂದೆ ಸರಿದದ್ದನ್ನು ನೋಡಿ ಎದುರು ಮನೆಯವನೂ ಕಟ್ಟೆ ಒಡೆದ. ಆದರೆ ಅವರು ಎಲ್ಲ ಕಡೆ ಗೆದ್ದರು ಎಂದರೆ ಸುಳ್ಳಾಗುತ್ತದೆ. ಹೆದ್ದಾರಿ ಪಕ್ಕದ ಗುಂಡುತೋಪಿನ ಹುಣಸೆ ಮರಗಳು ಹೋದವು. ಅಲ್ಲಿ ಈಗ ತಗಡಿನ ಗೋಡೌನು. ರಾಗಿ ಹೊಲದಲ್ಲಿ ಲೇಔಟ್ ಮಾಡಿ ಸುಣ್ಣದ ಗೆರೆ ಎಳೆದಾಗ, ಆ ವಯಸ್ಸಿನಲ್ಲೂ ಗಳ ಹೊತ್ತು ಅಲ್ಲಿಗೆ ಹೋದರು. ಗಳ ಗೆರೆ ದಾಟಿ ಆಚೆಗೆ ಹೋಯಿತು. ನೀರು ಕೇಳೋಣ ಎಂದರೆ ಮನೆಯೇ ಇಲ್ಲ! ಬ್ಯಾನರಿನ ಕೆಳಗೆ ಕೂತರು. ಸೈಟು ತೋರಿಸಲು ಬಂದ ಏಜೆಂಟು ಪಾಪ, ಪ್ಲಾಸ್ಟಿಕ್ ಬಾಟಲಿ ಕೊಟ್ಟ.

"ಸ್ವಾಮಿ, ಇಷ್ಟು ಸಣ್ಣ ಬಾಯಿನ ಬಾಟ್ಲಿ ಕೊಡ್ತೀರ, ನಿಮ್ಮ ಬೀದೀನೂ ಹಂಗೇ ಐತೆ," ಅಂದರಂತೆ. ಹದಿನೈದು ದಿನ ಹೋದರು, ಹದಿನೈದು ಬಾಟಲಿ ಮನೆಗೆ ತಂದರು. ಗೆರೆ ಅಳಿಸಲಿಲ್ಲ. ಆ ಬಾಟಲಿಗಳಲ್ಲಿ ಅವರ ಹೆಂಡತಿ ಬಹಳ ಕಾಲ ಸೀಮೆಎಣ್ಣೆ, ಹುರುಳಿಬೀಜ ಹಾಕಿ ಇಟ್ಟುಕೊಂಡಿದ್ದಳು.

ಕೊನೆಗಾಲದಲ್ಲಿ ಒಮ್ಮೆ ಪಂಚಾಯಿತಿಗೆ ಊರಿನ ನಕ್ಷೆ ಮಾಡಲು ಒಬ್ಬ ಎಂಜಿನಿಯರ್ ಹುಡುಗಿ ಬಂದಳು. ಎಲ್ಲಿ ಮನೆ ಬರಬಹುದು, ಎಲ್ಲಿ ಬರಬಾರದು, ರಸ್ತೆ ಎಷ್ಟಿರಬೇಕು ಎಂದು ಬರೆಯುವ ನಕ್ಷೆ. ಟೇಪು ಹಿಡಿದು ನಮ್ಮ ತಿರುವಿಗೆ ಬಂದವಳು ಎರಡೆರಡು ಸಲ ಅಳೆದಳು. "ಹೊಸ ಲೇಔಟಿಗಿಂತ ಹಳೇ ಊರೇ ಅಗಲ ಇದೆಯಲ್ಲ! ಇದನ್ನ ಯಾರು ಪ್ಲಾನ್ ಮಾಡಿದ್ದು?"

ನಾನು ಅವರನ್ನು ತೋರಿಸಿದೆ. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ತಾತ, ಬೀದಿ ಎಷ್ಟು ಅಗಲ ಬೇಕು ಅಂತ ಹೆಂಗೆ ಲೆಕ್ಕ ಹಾಕ್ತಿದ್ರಿ?"

"ಲೆಕ್ಕ ಏನು ಬಂತಮ್ಮ. ಒಂದು ಹುಲ್ಲಿನ ಬಂಡಿ ಬರ್ತಾ ಇರ್ತದೆ. ಎದುರಿಗೆ ಒಬ್ಬಳು ಬಸುರಿ ಬರ್ತಾಳೆ. ಅವಳು ಹೊಟ್ಟೆ ಒಳಕ್ಕೆ ಎಳ್ಕೊಳ್ದಂಗೆ ನಿಂತ್ಕೋಬೇಕು. ಅಷ್ಟೇ."

ಆ ಹುಡುಗಿ ಟೇಪು ಸುತ್ತುವುದನ್ನು ಬಿಟ್ಟು ಅದನ್ನು ಬರೆದುಕೊಂಡಳು. ಅವಳ ನಕ್ಷೆಯಲ್ಲಿ ಊರ ಹಿಂದಿನ ರಾಗಿ ಕಣ 'ಖಾಲಿ ಜಾಗ' ಎಂದಿತ್ತು. ಇವರು ಬೆರಳಿಟ್ಟು, "ಖಾಲಿ ಅಂತ ಬರೆದ್ರೆ ನಾಳೆ ಯಾರಾದ್ರೂ ತುಂಬಿಸ್ತಾರೆ. ಕಣ ಅಂತ ಬರಿ ತಾಯಿ," ಅಂದರು. ಬರೆದಳು. ಕಣ ಈಗಲೂ ಇದೆ. ಹೊರಡುವಾಗ ಅವಳಿಗೆ ತಮ್ಮ ತೆಲುಗಿನಲ್ಲಿ ಒಂದು ಮಾತು ಹೇಳಿದರು. "ಊರಂಟೇ ಇಂಡ್ಲು ಕಾದಮ್ಮಾ, ಇಂಡ್ಲ ಮಧ್ಯಲೋ ವದಿಲಿನ ಜಾಗ." ಊರು ಅಂದರೆ ಮನೆಗಳಲ್ಲವಂತೆ, ಮನೆಗಳ ನಡುವೆ ಬಿಟ್ಟ ಜಾಗವಂತೆ. ನೂರು ಸಲ ಕೇಳಿದ್ದ ಮಾತು. ಮುದುಕ ಹೇಳುತ್ತಾನೆ ಬಿಡು ಎಂದುಕೊಂಡಿದ್ದೆ.

ಅವರು ಹೋದದ್ದು ಸೋನೆ ಹಿಡಿದ ಒಂದು ದಿನ ಮಧ್ಯಾಹ್ನ. ಊಟ ಮುಗಿಸಿ ಮಲಗಿದವರು ಏಳಲಿಲ್ಲ. ಚಟ್ಟಕ್ಕೆ ಎರಡು ಬಿದಿರು ಬೇಕಲ್ಲ. ಒಂದು ಹೊಸದು ಕಡಿದು ತಂದರು. ಇನ್ನೊಂದಕ್ಕೆ ಅವರ ಹೆಂಡತಿಯೇ ಗಳವನ್ನು ತಂದುಕೊಟ್ಟಳು. "ಅವನ ಜೊತೇನೇ ಹೋಗ್ಲಿ. ಇಲ್ಲಿದ್ರೆ ನನ್ನನ್ನೂ ಅಳೀತದೆ," ಅಂದಳು, ಅಳುತ್ತಲೇ. ಆರು ಮೊಳ ಚಟ್ಟಕ್ಕೆ ಹೋಯಿತು. ಉಳಿದ ಎರಡು ಮೊಳವನ್ನು ಅವಳು ಊರುಗೋಲು ಮಾಡಿಕೊಂಡಳು.

ನಾನು ಹೆಗಲು ಕೊಟ್ಟಿದ್ದೆ. ಆ ಏಣಿಯ ದಿನ ಹಿಡಿದಿದ್ದ ಅದೇ ಬಲಗಡೆಯ ಹಿಂದಿನ ತುದಿ. ತಿರುವು ಬಂತು. ಚಟ್ಟ ತಿರುಗಿತು. ಎಲ್ಲೂ ತಗಲಲಿಲ್ಲ, ಓರೆಯಾಗಲಿಲ್ಲ, ಎದೆಯ ಮೇಲಿನ ಒಂದು ಹೂವೂ ಉದುರಲಿಲ್ಲ. ನನ್ನ ಮಗಳು ಅದೇ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಈ ಸಲ ಯಾರೂ ನಾಲಿಗೆ ಚಾಚಿ ನಗಿಸಲಿಲ್ಲ.

ಆ ಮಗಳನ್ನು ಮಾಲೂರಿಗೆ ಕೊಟ್ಟೆವು. ಅಳಿಯನಿಗೆ ಅಲ್ಲಿ ಇಟ್ಟಿಗೆ ಗೂಡಿನಲ್ಲಿ ಮೇಲ್ವಿಚಾರಣೆಯ ಕೆಲಸ. ಚೊಚ್ಚಲ ಬಾಣಂತನಕ್ಕೆ ಮಗಳು ನಮ್ಮಲ್ಲಿಗೆ ಬಂದಿದ್ದಳು. ದಿನ ಇನ್ನೂ ಇತ್ತು. ಮೊನ್ನೆ ಬೆಳಿಗ್ಗೆ, ನಾನು ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ, ನೀರು ಒಡೆದು ಮಲಗಿಬಿಟ್ಟಿದ್ದಳು. ಆಶಾ ಕಾರ್ಯಕರ್ತೆ ಓಡಿಬಂದು ನೋಡಿದಳು. "ಮಗು ಕಾಲು ಮುಂದಾಗಿದೆ. ಏಳಿಸ್ಬೇಡಿ, ನಡೆಸ್ಬೇಡಿ. ಮಲಗಿದಂಗೇ ಗಾಡಿಗೆ ಹೋಗ್ಬೇಕು."

ಗಾಡಿ ಎಲ್ಲಿ ಬರುತ್ತದೆ? ಹೊಸ ಲೇಔಟಿನಲ್ಲಿ ಹೋದ ವರ್ಷ ಒಬ್ಬರಿಗೆ ಎದೆನೋವು ಬಂದಾಗ ಆಂಬುಲೆನ್ಸು ಹೆದ್ದಾರಿಯಲ್ಲೇ ನಿಂತಿತ್ತು. ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಓಡಿದ್ದರು. ನಾನು ಬೀದಿಗೆ ಓಡಿದೆ. ಗಾಡಿ ಬಂತು. ಡ್ರೈವರ್ ತಿರುವಿನಲ್ಲಿ ನಿಲ್ಲಿಸಿ, ತಲೆ ಹೊರಗೆ ಹಾಕಿ ನೋಡಿ, ಎರಡೂ ಕನ್ನಡಿ ಮಡಚಿದ.

"ಯಜಮಾನ್ರೇ, ಆ ಗೋಡೆ ಕಡೆ ನೋಡ್ಕೊಳ್ಳಿ."

ನಾನು ನನ್ನ ಗೋಡೆಯ ಮೇಲೆ ಅಂಗೈ ಒತ್ತಿ ನಿಂತೆ. ಎಮ್ಮೆ ಹೊಟ್ಟೆಯ ಹಾಗೆ ದುಂಡಗೆ ಇರುವ ಆ ಜಾಗದಲ್ಲೇ. ಗಾಡಿ ನಿಧಾನವಾಗಿ ತಿರುಗಿತು. ನನ್ನ ಕಡೆ ಒಂದು ಗೇಣು, ಎದುರು ಗೋಡೆಯ ಕಡೆ ಒಂದು ಗೇಣು. ಬಾಗಿಲಿಗೇ ಬಂದು ನಿಂತಿತು. ಮಗಳನ್ನು ಮಲಗಿದ ಹಾಗೇ, ತಟ್ಟೆಯಲ್ಲಿಟ್ಟ ನೀರಿನ ಹಾಗೆ, ಒಳಗೆ ಸೇರಿಸಿದರು. ಅವರ ತಲೆಯಲ್ಲಿ ಆಂಬುಲೆನ್ಸು ಇರಲಿಲ್ಲ, ನನಗೆ ಗೊತ್ತು. ಇದ್ದದ್ದು ಹುಲ್ಲಿನ ಬಂಡಿ, ಬಸುರಿ, ಹೆಣ, ಇಷ್ಟೇ. ಆಸ್ಪತ್ರೆಯಲ್ಲಿ ನರ್ಸಮ್ಮ ಮಗುವನ್ನು ನನ್ನ ಕೈಯಲ್ಲಿಟ್ಟು, "ಸರಿಯಾಗಿ ಮಲಗಿಸ್ಕೊಂಡು ಬಂದ್ರಿ, ಒಳ್ಳೇದಾಯ್ತು," ಅಂದಳು. ನನ್ನ ಅಂಗೈಗೆ ಗೋಡೆಯ ಸುಣ್ಣ ಇನ್ನೂ ಮೆತ್ತಿಕೊಂಡಿತ್ತು.

ಇವತ್ತು ಸಂಜೆ ಎಲ್ಲರೂ ಬಂದಿದ್ದಾರೆ. ಮಾಲೂರಿನಿಂದ ಅಳಿಯ, ಬೀಗರು, ಬೀಗಿತ್ತಿ. ಸುಗಟೂರಿನಿಂದ ನನ್ನ ತಂಗಿಯ ಮನೆಯವರು. ನಮ್ಮ ಮನೆಯವಳು ರಾಗಿಮುದ್ದೆ, ಹಿತಕಿದ ಬೇಳೆ ಸಾರು ಮಾಡಿದ್ದಾಳೆ. ಒಳಗೆ ಎಲ್ಲರೂ ಕೂರಲು ಜಾಗ ಸಾಲದು. "ಅವತ್ತು ಆ ಮೂರು ಮೊಳ ಬಿಡದೇ ಇದ್ದಿದ್ರೆ ಸಾಲ್ತಿತ್ತು," ಎಂದಳು ನಮ್ಮ ಮನೆಯವಳು, ನನ್ನನ್ನು ನೋಡಿ ನಗುತ್ತಾ. ಆ ಮೂರು ಮೊಳದಲ್ಲೇ, ಬೀದಿಯ ತಿರುವಿನಲ್ಲೇ, ಚಾಪೆ ಹಾಸಿದೆವು. ಆ ಕಡೆ ಒಂದು ಸಾಲು, ಈ ಕಡೆ ಒಂದು ಸಾಲು. ಬಾಣಂತಿ ರೂಮಿನಲ್ಲಿ, ಬಾಗಿಲು ತೆರೆದುಕೊಂಡು, ಮಗುವನ್ನು ಮಡಿಲಲ್ಲಿಟ್ಟುಕೊಂಡು ಮೆಣಸಿನ ಸಾರಿನಲ್ಲಿ ಅನ್ನ ಕಲಸುತ್ತಿದ್ದಳು.

ಅಷ್ಟರಲ್ಲಿ ಊರುಗೋಲು ಟಕ್ ಟಕ್ ಎಂದಿತು. ನೀರುಗಂಟಿಯ ಹೆಂಡತಿ.

"ಬಾ ಅವ್ವ, ಕೂತ್ಕೋ. ಆದ್ರೆ ಪುರುಡಿನ ಮನೆ ಊಟ, ನೀನು ಉಣ್ತೀಯೋ ಇಲ್ಲವೋ," ಅಂದಳು ನಮ್ಮ ಮನೆಯವಳು ಸಂಕೋಚದಿಂದ.

"ನಾನು ಉಣ್ಣೋದು ಬೀದೀಲಿ ಕಣೇ, ನಿಮ್ಮನೇಲಲ್ಲ. ಬೀದಿಗೆ ಯಾವ ಪುರುಡು?" ಎಂದು ಮುದುಕಿ ನಕ್ಕಳು. ಬಾಗಿಲಲ್ಲಿ ನಿಂತು ಮಗುವನ್ನು ಕಣ್ಣು ತುಂಬ ನೋಡಿದಳು. ಆಮೇಲೆ ತಿರುಗಿ, ಉಣ್ಣಲು ಕೂತ ನಮ್ಮ ಎರಡು ಸಾಲನ್ನು ಒಮ್ಮೆ ನೋಡಿ, ಕೈಲಿದ್ದ ಎರಡು ಮೊಳದ ಬಿದಿರನ್ನು ಎತ್ತಿ ಅಡ್ಡಲಾಗಿ ಹಿಡಿದು, ನಡುವೆ ನಡೆಯತೊಡಗಿದಳು.

"ತಗಲ್ತದೆ ಅಬ್ಬಯ್ಯ. ಕಾಲು ಸರಿಸು."

ಎಲ್ಲರೂ ಗೊಳ್ಳೆಂದು ನಕ್ಕರು. ಬೀಗರು ಎಲೆ ಎಳೆದುಕೊಂಡರು, ನಾನು ಕಾಲು ಮಡಚಿದೆ. ಅವಳು ಕೊನೆಯವರೆಗೂ ಹೋಗಿ, ನನ್ನ ಪಕ್ಕಕ್ಕೆ ಬಂದು ಕೂತು, ಎಲೆ ಹಾಕಿಸಿಕೊಂಡಳು. ನಮ್ಮ ಮನೆಯವಳು ಹಿತ್ತಾಳೆ ಚೊಂಬಿನಲ್ಲಿ ನೀರು ತಂದಿಟ್ಟಳು. ಮುದ್ದೆ ಬಿಸಿ ಇತ್ತು. ಒಳಗೆ ಮಗು ಒಮ್ಮೆ ಅತ್ತು ಸುಮ್ಮನಾಯಿತು. ಎರಡು ಸಾಲಿನ ನಡುವೆ ದಾರಿ ಬಿಟ್ಟುಕೊಂಡು ಎಲ್ಲರೂ ಉಂಡೆವು.